ಭಾರತದ ಪಾಸ್‌ಪೋರ್ಟ್‌ನಲ್ಲಿ ವಿದೇಶದ ಇಂಗ್ಲಿಷ್ ಟೀಚರ್ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಬಿ.ಎಡ್ ಇದೆ, ಇಂಗ್ಲಿಷ್ ಎಂ.ಎ. ಇದೆ, ನಾಲ್ಕೈದು ವರ್ಷ ಪಾಠ ಮಾಡಿದ ಅನುಭವವೂ ಇದೆ. ಆದರೂ ಕಳಿಸಿದ ಅರ್ಜಿಗೆ ಉತ್ತರವೇ ಬರುವುದಿಲ್ಲ. ಹೀಗೆ ಕೈಚೆಲ್ಲಿ ಕೂತವರು ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅರ್ಹತೆ ಕಡಿಮೆ ಇಲ್ಲ, ಕೆಲಸದ ಕ್ರಮ ತಲೆಕೆಳಗಾಗಿದೆ ಅಷ್ಟೇ. ಮೊದಲು ದುಡ್ಡು ಕೊಟ್ಟು ಟೆಫಲ್ (ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಮಾಡುತ್ತಾರೆ. ಆಮೇಲೆ ಕಂಡ ಜಾಹೀರಾತಿಗೆಲ್ಲ ಅರ್ಜಿ ಹಾಕುತ್ತಾರೆ. ವೀಸಾ ನಿಯಮ ಓದುವುದು ಎಲ್ಲಕ್ಕಿಂತ ಕೊನೆಗೆ. ಓದಬೇಕಾದದ್ದು ಅದನ್ನೇ ಮೊದಲು.

ನೆಟ್‌ನಲ್ಲಿ ಸಿಗುವ ಸಲಹೆಯ ಬಹುಪಾಲು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇರುವವರಿಗೆ ಬರೆದದ್ದು. 'ಯಾವುದಾದರೂ ಡಿಗ್ರಿ ಇದ್ದರೆ ಸಾಕು, ಹೋಗಿ ಇಳಿದು ಕೆಲಸ ಹುಡುಕಿ' ಎಂಬ ಮಾತು ಅವರಿಗೇ ಈಗ ಅಷ್ಟಾಗಿ ನಡೆಯುವುದಿಲ್ಲ. ನಮಗಂತೂ ಅದು ನೇರವಾಗಿ ತೊಂದರೆಗೆ ಒಯ್ಯುವ ಸಲಹೆ. ಕೆಳಗಿನ ಹಂತಗಳು ಭಾರತದ ಪಾಸ್‌ಪೋರ್ಟ್, ಭಾರತದ ಪದವಿ ಇರುವವರಿಗಾಗಿ. ಹೊರಡಬೇಕೆಂದಿರುವ ತಿಂಗಳಿಗಿಂತ ಹತ್ತು ಹನ್ನೆರಡು ತಿಂಗಳು ಮೊದಲೇ ಶುರು ಮಾಡಿ.

## ಕೈಯಲ್ಲಿ ಇರಬೇಕಾದದ್ದು

ಕನಿಷ್ಠ ಎರಡು ವರ್ಷ ಅವಧಿ ಉಳಿದಿರುವ ಪಾಸ್‌ಪೋರ್ಟ್. ಹತ್ತನೇ ತರಗತಿಯಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡ್. ಘಟಿಕೋತ್ಸವದ ಮೂಲ ಪದವಿ ಪ್ರಮಾಣಪತ್ರ. ಕೆಲಸ ಮಾಡಿದ ಪ್ರತಿ ಶಾಲೆಯ ಅನುಭವ ಪತ್ರ, ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಪಾಠ ಮಾಡಿದ ತರಗತಿ ಎಲ್ಲ ಇರಬೇಕು. ಮದುವೆಯಾಗಿದ್ದರೆ ಮದುವೆ ನೋಂದಣಿ ಪತ್ರ. ಇವೆಲ್ಲದರ ಬಣ್ಣದ ಸ್ಕ್ಯಾನ್ ಒಂದೇ ಫೋಲ್ಡರ್‌ನಲ್ಲಿರಲಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೊ ಕಳಿಸಬೇಡಿ.

ಒಂದು ಎಚ್ಚರಿಕೆ: ಯಾವ ಪ್ರಮಾಣಪತ್ರಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ. ಅಟೆಸ್ಟೇಷನ್ (ಪತ್ರ ಅಸಲಿ ಎಂಬ ಸರ್ಕಾರಿ ದೃಢೀಕರಣ) ಮುದ್ರೆ ಬೀಳುವುದು ಮೂಲ ಪತ್ರದ ಹಿಂಬದಿಗೆ. ಲ್ಯಾಮಿನೇಟ್ ಆದ ಪತ್ರವನ್ನು ವಾಪಸ್ ಕಳಿಸುತ್ತಾರೆ. ಈಗಾಗಲೇ ಮಾಡಿಸಿದ್ದರೆ ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ಪಡೆಯುವ ಕೆಲಸವನ್ನು ಇವತ್ತೇ ಹಿಡಿಯಿರಿ. ಅದಕ್ಕೆ ತಿಂಗಳುಗಳೇ ಬೇಕಾಗಬಹುದು.

## ಹಂತ 1: ನಿಮ್ಮ ಪಾಸ್‌ಪೋರ್ಟ್‌ಗೆ ಬಾಗಿಲು ತೆರೆಯುವ ದೇಶ ಯಾವುದು?

ಸಂಬಳ, ಹವೆ, ಊಟ ಎಲ್ಲ ಆಮೇಲೆ. ಮೊದಲ ಪ್ರಶ್ನೆ ಇದೊಂದೇ: ಈ ದೇಶ ಭಾರತೀಯರಿಗೆ ಇಂಗ್ಲಿಷ್ ಕಲಿಸುವ ಕೆಲಸದ ವೀಸಾ ಕೊಡುತ್ತದಾ?

ಗಲ್ಫ್ ದೇಶಗಳು. ಬಿ.ಎಡ್ ಇದ್ದವರಿಗೆ ಇದೇ ಅತಿ ಗಟ್ಟಿಯಾದ ದಾರಿ. ಯುಎಇ, ಒಮಾನ್, ಕತಾರ್, ಕುವೈತ್, ಬಹ್ರೇನ್, ಸೌದಿ ಎಲ್ಲ ಕಡೆ ಸಿಬಿಎಸ್‌ಇ ಶಾಲೆಗಳಿವೆ. ಅಲ್ಲಿ ನಿಮ್ಮ ಪದವಿ, ನಿಮ್ಮ ಅನುಭವ ಎರಡೂ ಅರ್ಥವಾಗುವ ಜನ ಇದ್ದಾರೆ. 'ನೇಟಿವ್ ಸ್ಪೀಕರ್ ಬೇಕು' ಎಂಬ ಮಾತೂ ಈ ಶಾಲೆಗಳಲ್ಲಿ ಇಲ್ಲ. ದುಬೈನಲ್ಲಿ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಪ್ರಾಧಿಕಾರದ್ದು, ಅಬುಧಾಬಿಯಲ್ಲಿ ಅಡೆಕ್‌ನದ್ದು. ನಿಮ್ಮನ್ನು ಆರಿಸಿದ ಶಾಲೆ ಇವರ ಒಪ್ಪಿಗೆ ಪಡೆಯಬೇಕು. ಬಿ.ಎಡ್ ಇಲ್ಲದೆ ಈ ಕಡೆ ಅರ್ಜಿ ಹಾಕುವುದು ಸುಮ್ನೆ ಹೊತ್ತು ಹಾಳು.

ಥಾಯ್ಲೆಂಡ್. ಭಾರತೀಯರು, ಫಿಲಿಪೀನ್ಸ್‌ನವರು ಅಲ್ಲಿ ಸಾಕಷ್ಟು ಜನ ಕಲಿಸುತ್ತಿದ್ದಾರೆ. ಬೇಕಾದದ್ದು ನಾನ್-ಇಮಿಗ್ರಂಟ್ ಬಿ ವೀಸಾ, ವರ್ಕ್ ಪರ್ಮಿಟ್, ಜೊತೆಗೆ ಖುರುಸಫಾ ಎಂಬ ಶಿಕ್ಷಕರ ಮಂಡಳಿಯ ಲೈಸೆನ್ಸ್ ಅಥವಾ ತಾತ್ಕಾಲಿಕ ಅನುಮತಿ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಂದ ಶಾಲೆಗಳು ಸಾಮಾನ್ಯವಾಗಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಕೇಳುತ್ತವೆ. ಬಿ.ಎಡ್ ಇದ್ದರೆ ಲೈಸೆನ್ಸ್ ದಾರಿ ತುಂಬಾ ಸಲೀಸು.

ವಿಯೆಟ್ನಾಂ. ಸಂಜೆ ಮತ್ತು ವಾರಾಂತ್ಯದಲ್ಲಿ ನಡೆಯುವ ಭಾಷಾ ಕೇಂದ್ರಗಳೇ ಇಲ್ಲಿ ಜಾಸ್ತಿ. ಪದವಿ, ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್, ಭಾಷಾ ಸಾಮರ್ಥ್ಯದ ಪುರಾವೆ, ಪೊಲೀಸ್ ಪತ್ರ, ವೈದ್ಯಕೀಯ ತಪಾಸಣೆ ಇಷ್ಟಿದ್ದರೆ ವರ್ಕ್ ಪರ್ಮಿಟ್ ಸಾಧ್ಯ. ಆದರೆ ಬಿಳಿಯರನ್ನೇ ಹುಡುಕುವ ಕೇಂದ್ರಗಳು ಇಲ್ಲಿ ಇವೆ. ಇದು ಅನ್ಯಾಯ, ಆದರೆ ಇದೆ. ಅಂಥ ಜಾಗಕ್ಕೆ ಹತ್ತು ಸಲ ಅರ್ಜಿ ಹಾಕಿ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಹೆಚ್ಚು ಕೇಂದ್ರಗಳನ್ನು ಪ್ರಯತ್ನಿಸುವುದು ಮೇಲು.

ಜಪಾನ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಗಮನಿಸಬೇಕು. ಮಾತೃಭಾಷೆ ಇಂಗ್ಲಿಷ್ ಅಲ್ಲದವರು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದಕ್ಕೆ ಪುರಾವೆ ಕೊಡಬೇಕೆಂದು ಅಲ್ಲಿನ ಸಹಾಯಕ ಶಿಕ್ಷಕರ ನೇಮಕಾತಿಯಲ್ಲಿ ಕೇಳುತ್ತಾರೆ. ಪಿಯುಸಿಯಿಂದ ಇಂಗ್ಲಿಷ್‌ಗೆ ಬಂದವರಿಗೆ ಈ ಲೆಕ್ಕ ಕೂಡುವುದು ಕಷ್ಟ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮವಿದ್ದರೆ ಪ್ರತಿ ಶಾಲೆಯಿಂದಲೂ ಮಾಧ್ಯಮ ದೃಢೀಕರಣ ಪತ್ರ ಬರೆಸಿಕೊಳ್ಳಿ.

ದಕ್ಷಿಣ ಕೊರಿಯಾ. ವಿದೇಶಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಏಳು ಇಂಗ್ಲಿಷ್ ದೇಶಗಳ ಪ್ರಜೆಗಳಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಶಿಕ್ಷಕ ಅರ್ಹತೆ ಇರುವ ಭಾರತೀಯರಿಗೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ಒಂದು ಕಿಂಡಿ ಇದೆ. ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಅದು ಅನ್ವಯಿಸುವುದಿಲ್ಲ. ಮೊದಲ ಪ್ರಯತ್ನಕ್ಕೆ ಇದನ್ನೇ ನಂಬಿ ಕೂರಬೇಡಿ.

ಚೀನಾ. ಭಾಷಾ ಶಿಕ್ಷಕರು ಆ ಭಾಷೆಯ ತಾಯ್ನಾಡಿನವರೇ ಆಗಿರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ವಿದ್ಯಾರ್ಥಿ ವೀಸಾ, ಬಿಸಿನೆಸ್ ವೀಸಾದಲ್ಲಿ ಕಲಿಸಲು ಕರೆಯುವವರಿಗೆ ಕಿವಿಗೊಡಬೇಡಿ. ಸಿಕ್ಕಿಬಿದ್ದರೆ ಬಂಧನ, ದಂಡ, ಗಡೀಪಾರು ಎಲ್ಲ ನಿಮಗೇ.

ಮಾಲ್ಡೀವ್ಸ್. ಇದನ್ನು ಯಾಕೋ ನಮ್ಮವರು ಮರೆಯುತ್ತಾರೆ. ಅಲ್ಲಿನ ಶಿಕ್ಷಣ ಸಚಿವಾಲಯವೇ ದ್ವೀಪಗಳ ಸರ್ಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ, ಭಾರತೀಯರು ವರ್ಷಗಳಿಂದ ಹೋಗುತ್ತಿದ್ದಾರೆ. ಪುಟ್ಟ ದ್ವೀಪದಲ್ಲಿ ಒಂಟಿಯಾಗಿ ಇರಬಲ್ಲೆನೇ ಎಂದು ಮಾತ್ರ ಮೊದಲೇ ಯೋಚಿಸಿ.

ಇಷ್ಟು ನೋಡಿದ ಮೇಲೆ ಎರಡೇ ದೇಶ ಆರಿಸಿಕೊಳ್ಳಿ. ಐದು ದೇಶಕ್ಕೆ ಒಟ್ಟಿಗೆ ಓಡಿದರೆ ಕಾಗದಪತ್ರ ಯಾವುದಕ್ಕೂ ಪೂರ್ತಿಯಾಗುವುದಿಲ್ಲ.

## ಹಂತ 2: ಹೆಸರು ಸರಿಮಾಡಿಕೊಳ್ಳಿ

ನಮ್ಮ ಕಡೆಯ ಹೆಸರುಗಳಿಗೇ ಅಂಟಿದ ಸಮಸ್ಯೆ ಇದು. ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಕೆ.ಎಸ್.', ಆಧಾರ್‌ನಲ್ಲಿ 'ಮಂಜುನಾಥ್', ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿದ ಉದ್ದ ಸಾಲು. ಇನ್ನು ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ಮತ್ತು ವಿಸಿಟ್ ವೀಸಾ ಕೊಡುವುದನ್ನು ನಿಲ್ಲಿಸಿದೆ. ಉಳಿದ ದೇಶಗಳಲ್ಲೂ ಖಾಲಿ ಸರ್‌ನೇಮ್ ಫಾರಂ ತುಂಬುವಾಗಲೇ ಕಾಟ ಕೊಡುತ್ತದೆ.

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದ್ದೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿಡಿ. ಅದೇ ಸಮಯದಲ್ಲಿ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು ಎಂಬ) ಮುದ್ರೆ ಇದೆಯಾ ನೋಡಿ. ಹತ್ತನೇ ತರಗತಿ ಪಾಸಾಗುವ ಮೊದಲು ಮಾಡಿಸಿದ ಪಾಸ್‌ಪೋರ್ಟ್ ಆದರೆ ಇರಬಹುದು. ಪದವೀಧರರಿಗೆ ಅದು ಬೇಕಿಲ್ಲ, ತೆಗೆಸಿಬಿಡಿ.

## ಹಂತ 3: ಅಟೆಸ್ಟೇಷನ್, ಅಪೊಸ್ಟಿಲ್

ಎರಡು ದಾರಿಗಳಿವೆ, ದೇಶ ಯಾವುದು ಎಂಬುದರ ಮೇಲೆ ನಿಮ್ಮದು ಯಾವುದೆಂದು ತೀರ್ಮಾನವಾಗುತ್ತದೆ.

ಅಪೊಸ್ಟಿಲ್ (ಸದಸ್ಯ ದೇಶಗಳು ಒಪ್ಪುವ ಒಂದೇ ದೃಢೀಕರಣ) ಒಪ್ಪಂದಕ್ಕೆ ಸೇರಿದ ದೇಶವಾದರೆ (ಒಮಾನ್, ಬಹ್ರೇನ್, ಸೌದಿ, ಜಪಾನ್, ಕೊರಿಯಾ) ರಾಜ್ಯ ಮಟ್ಟದ ದೃಢೀಕರಣದ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸಾಕು. ಭಾರತ 2005ರಿಂದ ಇದರ ಸದಸ್ಯ. ಯುಎಇ, ಕತಾರ್, ಕುವೈತ್‌ಗೆ ಹಳೆಯ ಉದ್ದ ದಾರಿಯೇ: ರಾಜ್ಯ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಒಪ್ಪಿಗೆ. ಬೇರೆ ದೇಶವಾದರೆ ಯಾವ ದಾರಿ ಎಂದು ಅವರ ರಾಯಭಾರ ಕಚೇರಿಯ ವೆಬ್‌ಸೈಟ್‌ನಲ್ಲೇ ನೋಡಿ.

ಇಲ್ಲಿ ಕ್ರಮ ಮುಖ್ಯ. ರಾಜ್ಯ ಮಟ್ಟದ ದೃಢೀಕರಣ ಎರಡೂ ದಾರಿಗೆ ಬೇಕು, ಅದನ್ನು ಈಗಲೇ ಮುಗಿಸಿ. ಮುಂದಿನದ್ದನ್ನು ಆಫರ್ ಬರುವವರೆಗೆ ತಡೆಯಿರಿ. ಯುಎಇಗೆಂದು ರಾಯಭಾರ ಕಚೇರಿಯಲ್ಲಿ ದುಬಾರಿ ಶುಲ್ಕ ಕಟ್ಟಿ ಮುದ್ರೆ ಹಾಕಿಸಿ, ಕೆಲಸ ಒಮಾನ್‌ನಲ್ಲಿ ಸಿಕ್ಕರೆ ಆ ಹಣ ಹೋಯಿತು.

ವಿದೇಶಾಂಗ ಸಚಿವಾಲಯ ಪತ್ರಗಳನ್ನು ನಿಮ್ಮಿಂದ ನೇರವಾಗಿ ಪಡೆಯುವುದಿಲ್ಲ. ಅದು ನೇಮಿಸಿದ ಏಜೆನ್ಸಿಗಳ ಮೂಲಕವೇ ಹೋಗಬೇಕು, ಪಟ್ಟಿ ಸಚಿವಾಲಯದ ವೆಬ್‌ಸೈಟ್‌ನಲ್ಲಿದೆ. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಪತ್ರಕ್ಕೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ನಿಮ್ಮ ವಿಶ್ವವಿದ್ಯಾಲಯ ಇ-ಸನದ್ ವ್ಯವಸ್ಥೆಗೆ ಸೇರಿದ್ದರೆ ಆನ್‌ಲೈನ್‌ನಲ್ಲೇ ಮಾಡಿಸಬಹುದು. ಬೀದಿಬದಿಯ ಬೋರ್ಡ್ ನೋಡಿ ಒಂದೊಂದು ಪತ್ರಕ್ಕೆ ಹತ್ತಾರು ಸಾವಿರ ಕೊಡುವ ಮೊದಲು ಸರ್ಕಾರಿ ಶುಲ್ಕ ಎಷ್ಟು, ಸೇವಾ ಶುಲ್ಕ ಎಷ್ಟು ಎಂದು ಬಿಡಿಸಿ ಕೇಳಿ.

ತಾತ್ಕಾಲಿಕ ಪದವಿ ಪತ್ರ ಸಾಲುವುದಿಲ್ಲ, ಘಟಿಕೋತ್ಸವದ ಪತ್ರವೇ ಬೇಕು. ದೂರಶಿಕ್ಷಣದಲ್ಲಿ ಓದಿದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018–19ರಿಂದ ಮತ್ತೆ ಸಿಕ್ಕಿತು. ನಡುವಿನ ವರ್ಷಗಳ ಪದವಿಯಾದರೆ ಅರ್ಜಿಗೆ ಮುಂಚೆಯೇ ಶಾಲೆಯ ಎಚ್‌ಆರ್‌ಗೆ ತಿಳಿಸಿ.

## ಹಂತ 4: ಸರ್ಟಿಫಿಕೇಟ್ ಮತ್ತು ಭಾಷಾ ಪರೀಕ್ಷೆ

ದೇಶ ಗೊತ್ತಾದ ಮೇಲೆ ಮಾತ್ರ ಇದಕ್ಕೆ ದುಡ್ಡು ಹಾಕಿ. ಬಿ.ಎಡ್ ಇದ್ದು ಗಲ್ಫ್‌ನ ಸಿಬಿಎಸ್‌ಇ ಶಾಲೆಗೆ ಹೋಗುವವರಿಗೆ ಟೆಫಲ್ ಅಷ್ಟೇನೂ ಉಪಯೋಗವಿಲ್ಲ. ಭಾಷಾ ಕೇಂದ್ರಗಳಿಗೆ ಹೋಗುವವರಿಗೆ ಬೇಕು.

ಕೇಂಬ್ರಿಜ್‌ನ ಸೆಲ್ಟಾ ಮತ್ತು ಟ್ರಿನಿಟಿ ಸರ್ಟ್‌ಟೆಸಾಲ್ ಎಂಬ ಇಂಗ್ಲಿಷ್ ಬೋಧನಾ ಕೋರ್ಸ್ ಎರಡಕ್ಕೂ ಎಲ್ಲ ಕಡೆ ಬೆಲೆ ಇದೆ. ಕಾರಣ, ಇವುಗಳಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಕನಿಷ್ಠ ಆರು ಗಂಟೆ ಪಾಠ ಮಾಡಿಸಿ, ಕೂತು ನೋಡಿ, ತಪ್ಪು ಹೇಳುತ್ತಾರೆ. ದುಬಾರಿ, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ರಿಯಾಯಿತಿಯಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಆನ್‌ಲೈನ್ ಸರ್ಟಿಫಿಕೇಟ್ ವಿಷಯದಲ್ಲಿ ಜೋಪಾನ. ಅದಕ್ಕೆ ಅಪೊಸ್ಟಿಲ್ ಮಾಡಿಸಲು ಸಾಧ್ಯವಾ, 120 ಗಂಟೆ ಎಂದು ಪತ್ರದ ಮೇಲೆ ಬರೆದಿರುತ್ತಾ, ಎರಡನ್ನೂ ಹಣ ಕಟ್ಟುವ ಮುಂಚೆ ಕೇಳಿ. ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯದ ದೂರಶಿಕ್ಷಣದ ಇಂಗ್ಲಿಷ್ ಬೋಧನಾ ಕೋರ್ಸ್‌ಗಳಿಗೂ ಭಾರತೀಯ ಪ್ರಿನ್ಸಿಪಾಲರ ಮುಂದೆ ತೂಕವಿದೆ.

ಐಇಎಲ್‌ಟಿಎಸ್, ಟೋಯಿಕ್ ಅಂಕಗಳಿಗೆ ಎರಡೇ ವರ್ಷ ಆಯಸ್ಸು. ಬೇಗ ಬರೆದಿಟ್ಟುಕೊಂಡರೆ ಬೇಕಾದಾಗ ಅವಧಿ ಮುಗಿದಿರುತ್ತದೆ.

## ಹಂತ 5: ಸಿವಿ ಮತ್ತು ಎರಡು ನಿಮಿಷದ ವಿಡಿಯೊ

ಸಿವಿ ಎರಡು ಪುಟ ದಾಟಬಾರದು. ಅಪ್ಪನ ಹೆಸರು, ಧರ್ಮ, ಹವ್ಯಾಸ, ಕೊನೆಯ ಘೋಷಣೆ ಎಲ್ಲ ತೆಗೆಯಿರಿ. ಮೇಲೆಯೇ ಇವಿಷ್ಟು ಕಾಣಲಿ: ಪೌರತ್ವ, ಈಗ ಇರುವ ಊರು, ಪದವಿ, ಬಿ.ಎಡ್, ಯಾವ ತರಗತಿಗೆ ಎಷ್ಟು ವರ್ಷ, ಯಾವ ಬೋರ್ಡ್, ಪದವಿ ಪತ್ರದ ಅಟೆಸ್ಟೇಷನ್ ಎಲ್ಲಿಯವರೆಗೆ ಮುಗಿದಿದೆ, ಯಾವತ್ತಿನಿಂದ ಸೇರಬಹುದು. 'ರಾಜ್ಯ ಮಟ್ಟದ ದೃಢೀಕರಣ ಆಗಿದೆ' ಎಂಬ ಒಂದು ಸಾಲು ನಿಮ್ಮ ಸಿವಿಯನ್ನು ರಾಶಿಯಿಂದ ಮೇಲಕ್ಕೆ ತರುತ್ತದೆ.

ಅರ್ಜಿಯ ಜೊತೆ ಕಳಿಸುವ ನಿಮ್ಮ ಪರಿಚಯದ ವಿಡಿಯೊ ಮಾಡುವ ಮೊದಲು ನಿಮ್ಮ ಉಚ್ಚಾರಣೆ ಕೇಳಿಸಿಕೊಳ್ಳಿ. ವಿದೇಶಿ ಧಾಟಿ ನಟಿಸಬೇಕಿಲ್ಲ, ಅದು ಕೃತಕವಾಗಿ ಕೇಳುತ್ತದೆ. ಆದರೆ ನಮ್ಮ ಕನ್ನಡದ ನಾಲಿಗೆ ಮಾಡುವ ಕೆಲವು ಕೆಲಸಗಳು ಚಿಕ್ಕ ಮಕ್ಕಳಿಗೆ ಗೊಂದಲ ಮಾಡುತ್ತವೆ. 'ಎಗ್' ಎನ್ನುವುದು 'ಯೆಗ್' ಆಗುತ್ತದೆ, 'ಓನ್ಲಿ' ಎನ್ನುವುದು 'ವೋನ್ಲಿ' ಆಗುತ್ತದೆ, 'ಬಸ್' ಕೊನೆಗೆ ಒಂದು ಸಣ್ಣ 'ಉ' ಸೇರುತ್ತದೆ. ತುಟಿ ಹಲ್ಲಿಗೆ ತಾಗುವ 'ವಿ' ಮತ್ತು ತುಟಿ ಸುತ್ತಿಕೊಳ್ಳುವ 'ಡಬ್ಲ್ಯು' ಒಂದೇ ಆಗಿಬಿಡುತ್ತವೆ. ಒಂದು ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡಿ, ಕೇಳಿ, ಈ ನಾಲ್ಕನ್ನು ಮಾತ್ರ ತಿದ್ದಿಕೊಳ್ಳಿ. ದಿನಾ ಹದಿನೈದು ನಿಮಿಷ ಕೂತರೆ ಒಂದೆರಡು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕೇಳಿಸುತ್ತದೆ.

## ಹಂತ 6: ಅರ್ಜಿ ಯಾವಾಗ, ಎಲ್ಲಿ

ಗಲ್ಫ್‌ನ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ಹೊತ್ತಿಗೆ. ನೇಮಕಾತಿ ನಡೆಯುವುದು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಮೇ ತಿಂಗಳಲ್ಲಿ ರಜೆ ಸಿಕ್ಕಿತು ಎಂದು ಅರ್ಜಿ ಹಾಕುವುದು ನಮ್ಮ ಮೇಷ್ಟ್ರುಗಳು ಮಾಡುವ ದೊಡ್ಡ ತಪ್ಪು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಥಾಯ್ ಶಾಲೆಗಳಲ್ಲಿ ಮೊದಲ ಸೆಮಿಸ್ಟರ್ ಮೇ ಮಧ್ಯಕ್ಕೆ, ಎರಡನೆಯದು ನವೆಂಬರ್ ಆಸುಪಾಸು. ಅದಕ್ಕೆ ಒಂದೆರಡು ತಿಂಗಳು ಮುಂಚೆ ಜಾಹೀರಾತು ಜಾಸ್ತಿ. ವಿಯೆಟ್ನಾಂನಲ್ಲಿ ವರ್ಷವಿಡೀ ನಡೆಯುತ್ತದೆ, ಚಾಂದ್ರಮಾನ ಹೊಸವರ್ಷದ ದಿನಗಳನ್ನು ಬಿಟ್ಟು.

ಸಿಬಿಎಸ್‌ಇಯ ಸರಸ್ ಪೋರ್ಟಲ್‌ನಲ್ಲಿ ವಿದೇಶದ ಶಾಲೆಗಳ ಪಟ್ಟಿ ಸಿಗುತ್ತದೆ. ಕೆಎಚ್‌ಡಿಎ ವೆಬ್‌ಸೈಟ್‌ನಲ್ಲಿ ದುಬೈನ ಪ್ರತಿ ಶಾಲೆಯ ತಪಾಸಣಾ ವರದಿ ಇದೆ. ಪಟ್ಟಿಯಿಂದ ಶಾಲೆ ಆರಿಸಿ, ಆ ಶಾಲೆಯ ಸ್ವಂತ ವೆಬ್‌ಸೈಟ್‌ನ ಕೆರಿಯರ್ ಪುಟದಲ್ಲೇ ಅರ್ಜಿ ಹಾಕಿ. ಥಾಯ್ಲೆಂಡ್‌ಗೆ ಅಜಾರ್ನ್ ಡಾಟ್ ಕಾಮ್ ಹಳೆಯ, ನೆಚ್ಚಬಹುದಾದ ಜಾಗ. ದಿನಕ್ಕೆ ಐವತ್ತು ಅರ್ಜಿ ಎಸೆಯಬೇಡಿ. ತಪಾಸಣಾ ವರದಿ ಓದಿ, ಆ ಶಾಲೆಗೆ ಏನು ಬೇಕೆಂದು ತಿಳಿದು ಬರೆದ ಐದು ಅರ್ಜಿ ಸಾಕು.

ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಈಗಾಗಲೇ ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಲೋಕಲ್ ಹೈರ್ ಎಂಬ ದಾರಿ ಇದೆ. ಮನೆ, ಟಿಕೆಟ್ ಕೊಡುವ ಖರ್ಚು ಇಲ್ಲವಾದ್ದರಿಂದ ಶಾಲೆಗಳು ಇಂಥವರನ್ನು ಬೇಗ ತೆಗೆದುಕೊಳ್ಳುತ್ತವೆ. ಅದೇ ಕಾರಣಕ್ಕೆ ಸಂಬಳವೂ ಕಡಿಮೆ ಹೇಳುತ್ತವೆ. ಚೌಕಾಸಿ ಮಾಡಿ. ಮಕ್ಕಳ ಶಾಲಾ ಶುಲ್ಕದಲ್ಲಿ ರಿಯಾಯಿತಿ ಕೇಳಿ.

## ಹಂತ 7: ಡೆಮೊ ಪಾಠ

ಒಳ್ಳೆಯ ಅರ್ಹತೆ ಇದ್ದವರೂ ಮುಗ್ಗರಿಸುವ ಜಾಗ ಇದೇ. ನಮ್ಮಲ್ಲಿ ಚೆನ್ನಾಗಿ ವಿವರಿಸುವವರೇ ಒಳ್ಳೆಯ ಮೇಷ್ಟ್ರು. ಅಲ್ಲಿ ಕೂತು ನೋಡುವವರು ಲೆಕ್ಕ ಹಾಕುವುದು ಮಕ್ಕಳು ಎಷ್ಟು ಮಾತಾಡಿದರು ಎಂದು. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನೀವೇ ಮಾತಾಡಿದರೆ ಕೆಲಸ ಸಿಗುವುದಿಲ್ಲ.

ಒಂದೇ ಗುರಿ ಇಟ್ಟುಕೊಳ್ಳಿ. ಉದಾಹರಣೆಗೆ, 'ಇಷ್ಟ, ಇಷ್ಟವಿಲ್ಲ' ಎಂದು ಹಣ್ಣುಗಳ ಬಗ್ಗೆ ಹೇಳುವುದು. ಮೊದಲು ಚಿತ್ರ ತೋರಿಸಿ ಹೆಸರು ಅವರ ಬಾಯಿಂದಲೇ ಹೊರಡಿಸಿ. ಆಮೇಲೆ ವಾಕ್ಯವನ್ನು ನೀವು ಎರಡು ಸಲ ಹೇಳಿ, ಅವರಿಂದ ಹೇಳಿಸಿ. ನಂತರ ಇಬ್ಬಿಬ್ಬರು ಪರಸ್ಪರ ಕೇಳಿಕೊಳ್ಳಲಿ. ಕೊನೆಗೆ ಒಬ್ಬೊಬ್ಬರು ಜೊತೆಗಾರರ ಇಷ್ಟ ಏನೆಂದು ಹೇಳಲಿ. ವ್ಯಾಕರಣದ ನಿಯಮ ಬೋರ್ಡಿನ ಮೇಲೆ ಬರೆಯಬೇಡಿ. 'ಅರ್ಥವಾಯಿತಾ?' ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಅರ್ಥವಾಗಿದ್ದರೆ ಮಾತ್ರ ಉತ್ತರಿಸಲು ಬರುವಂಥ ಸಣ್ಣ ಪ್ರಶ್ನೆ ಕೇಳಿ.

ಆನ್‌ಲೈನ್ ಡೆಮೊ ಆದರೆ ಪಕ್ಕದ ಮನೆಯ ಮಗುವನ್ನು ಕೂರಿಸಿಕೊಂಡು ಪೂರ್ತಿ ಪಾಠವನ್ನು ಮೊದಲೇ ಒಮ್ಮೆ ಮಾಡಿ ನೋಡಿ.

## ಹಂತ 8: ಆಫರ್ ಪತ್ರ ಓದುವುದು

ಒಟ್ಟು ಸಂಬಳ ನೋಡಿ ಖುಷಿಪಡುವ ಮೊದಲು ಮೂಲ ವೇತನ ಎಷ್ಟು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನದಷ್ಟು. ಭತ್ಯೆ ಜಾಸ್ತಿ ತೋರಿಸಿ ಮೂಲ ವೇತನ ಕುಗ್ಗಿಸಿದ್ದರೆ ನಷ್ಟ ನಿಮಗೆ. ಸಂಬಳ ಹತ್ತು ತಿಂಗಳಿಗೋ ಹನ್ನೆರಡಕ್ಕೋ? ಮನೆ ಕೊಡುತ್ತಾರೋ, ಹಣವೋ? ಟಿಕೆಟ್ ವರ್ಷಕ್ಕೊಮ್ಮೆಯೋ, ಒಪ್ಪಂದ ಮುಗಿದ ಮೇಲೋ? ಯುಎಇಯಲ್ಲಿ ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ.

ಭಾಷಾ ಕೇಂದ್ರವಾದರೆ ಒಂದು ಪ್ರಶ್ನೆ ಬಿಡಬೇಡಿ: ವಾರಕ್ಕೆ ಕನಿಷ್ಠ ಇಷ್ಟು ಗಂಟೆ ಎಂಬ ಖಾತ್ರಿ ಇದೆಯಾ? ಗಂಟೆಗೆ ದರ ಚೆನ್ನಾಗಿದ್ದು, ಗಂಟೆಗಳೇ ಸಿಗದಿದ್ದರೆ ಬಾಡಿಗೆ ಕಟ್ಟಲೂ ಆಗುವುದಿಲ್ಲ. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿರಲಿ.

## ಹಂತ 9: ಏಜೆಂಟ್ ಇದ್ದರೆ

ಭಾರತದಿಂದ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು, ವಿಳಾಸ, ನೋಂದಣಿಯ ಅವಧಿ ಮೂರೂ ಹೊಂದುತ್ತವಾ ನೋಡಿ. 'ನಾವು ಅವರ ಸಬ್ ಏಜೆಂಟ್' ಎಂದರೆ ಎದ್ದು ಬನ್ನಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಪಡೆಯಿರಿ. ಯುಎಇ ಕಾನೂನಿನಲ್ಲಂತೂ ನೇಮಕಾತಿಯ ಖರ್ಚನ್ನು ಕೆಲಸಗಾರರ ಮೇಲೆ ಹಾಕುವಂತೆಯೇ ಇಲ್ಲ.

ಅಪಾಯದ ಗುರುತುಗಳು ಇವು:

- ಡೆಮೊ ಇಲ್ಲ, ಪ್ರಿನ್ಸಿಪಾಲರ ಜೊತೆ ಮಾತಿಲ್ಲ, ನೇರ ಆಫರ್.
- 'ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ.'
- ಶಾಲೆಯ ಹೆಸರಿನ ಈಮೇಲ್ ಬದಲು ಜಿಮೇಲ್, ಮಾತೆಲ್ಲ ವಾಟ್ಸಾಪ್‌ನಲ್ಲೇ.
- ಹಣ ಯಾರದೋ ವೈಯಕ್ತಿಕ ಖಾತೆಗೆ, ಇವತ್ತೇ ಕಟ್ಟಬೇಕೆಂಬ ಅವಸರ.
- ಮೂಲ ಪ್ರಮಾಣಪತ್ರ 'ನಮ್ಮ ಹತ್ತಿರವೇ ಇರಲಿ' ಎನ್ನುವುದು.

ಬ್ಯಾಂಕಾಕ್‌ಗೆ ಟಿಕೆಟ್ ಕಳಿಸಿ, ಕೆಲಸದ ವೀಸಾ ಇಲ್ಲದೆ ಕರೆಯುವವರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಥಾಯ್ಲೆಂಡ್‌ನಲ್ಲಿ ಕೆಲಸ ಎಂದು ನಂಬಿಸಿ ಮ್ಯಾನ್ಮಾರ್ ಗಡಿಯ ಮ್ಯಾವಾಡಿಗೆ ಸಾಗಿಸಿ, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಎಚ್ಚರಿಸುತ್ತಲೇ ಇದೆ. ಇಂಗ್ಲಿಷ್ ಬರುವ ಯುವಕ ಯುವತಿಯರೇ ಅವರಿಗೆ ಬೇಕಾದವರು. ಶಾಲೆಯ ಲ್ಯಾಂಡ್‌ಲೈನ್ ನಂಬರನ್ನು ನೀವೇ ಹುಡುಕಿ, ಕರೆ ಮಾಡಿ, ನಿಮ್ಮ ಆಫರ್ ನಿಜವೇ ಎಂದು ಕೇಳದೆ ವಿಮಾನ ಹತ್ತಬೇಡಿ.

## ಹಂತ 10: ಹೊರಡುವ ಮುಂಚಿನ ಕೊನೆಯ ಕೆಲಸಗಳು

ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಪಾಸ್‌ಪೋರ್ಟ್ ಸೇವಾ ಮೂಲಕ ಈಗ ಮಾಡಿಸಿ. ಶುಲ್ಕ 500 ರೂಪಾಯಿ. ಹೆಚ್ಚಿನ ದೇಶಗಳು ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ, ಅದಕ್ಕೇ ಇದು ಕೊನೆಯಲ್ಲಿ. ಗಲ್ಫ್‌ಗಾದರೆ ವಾಫಿದ್ ಎಂಬ ಗಲ್ಫ್ ದೇಶಗಳ ಆನ್‌ಲೈನ್ ವ್ಯವಸ್ಥೆಯ ಮೂಲಕ ವೈದ್ಯಕೀಯ ತಪಾಸಣೆ ಕೇಳಬಹುದು. ಹಿಂದೆ ಯಾವಾಗಲೋ ಕ್ಷಯ ಬಂದು ವಾಸಿಯಾಗಿದ್ದರೂ ಎಕ್ಸ್‌ರೇಯಲ್ಲಿ ಕಲೆ ಕಂಡರೆ ಅನ್‌ಫಿಟ್ ಎಂದು ಬರೆಯುತ್ತಾರೆ. ಅಂಥ ಚರಿತ್ರೆ ಇರುವವರು ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಎಕ್ಸ್‌ರೇ ತೆಗೆಸಿ ನೋಡಿಕೊಳ್ಳಿ. ಉಳಿದವರೂ ಅಷ್ಟೇ, ಕೆಲಸದ ವೀಸಾ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಸರ್ಕಾರಿ ಶಿಕ್ಷಕರಾದರೆ ಇಲಾಖೆಯ ಪೂರ್ವಾನುಮತಿ ಇಲ್ಲದೆ ಯಾವುದಕ್ಕೂ ಸಹಿ ಹಾಕಬೇಡಿ.

ಅಲ್ಲಿ ಇಳಿದ ಮೇಲೆ ಹೊಸ ಒಪ್ಪಂದ ಮುಂದಿಟ್ಟರೆ, ಇಲ್ಲಿ ಸಹಿ ಹಾಕಿದ್ದರ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ. ಸಂಬಳ ಕಡಿಮೆ ಇದ್ದರೆ ಸಹಿ ಹಾಕಬೇಡಿ, ಭಾರತೀಯ ರಾಯಭಾರ ಕಚೇರಿಗೆ ಮತ್ತು ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಎಂಬ ದೂರು ಪೋರ್ಟಲ್‌ಗೆ ಎರಡೂ ಪ್ರತಿಗಳ ಸಮೇತ ದೂರು ಕೊಡಿ. ವೀಸಾ ಮುದ್ರೆಗೆಂದು ಪಾಸ್‌ಪೋರ್ಟ್ ಪಡೆದರೆ ಯಾವ ದಿನ ವಾಪಸ್ ಎಂದು ಬರೆಸಿಕೊಳ್ಳಿ. ಮುದ್ರೆ ಬಿದ್ದ ಮೇಲೆ ಅದು ನಿಮ್ಮ ಬಳಿಯೇ ಇರಬೇಕು. ಪಾಸ್‌ಪೋರ್ಟ್, ವೀಸಾ, ಒಪ್ಪಂದ ಮೂರರ ಪ್ರತಿಯನ್ನೂ ಮನೆಯವರಿಗೆ ಅವತ್ತೇ ಕಳಿಸಿ.